ಕೆಂಪು ಬಸ್ಸು, ರೇಷನ್ ಅಕ್ಕಿ, ಫಾರಂ ನಂಬರ್ 7: ನಮ್ಮನ್ನು ಒಂದು ನಾಡಿನವರನ್ನಾಗಿ ಮಾಡಿದ್ದು ಯಾವುದು?

ಮಂಡಗದ್ದೆ ಹಕ್ಕಿ (ತೀರ್ಥಹಳ್ಳಿ)

ಒಂದು ವಿಷಯ ತಲೆ ತಿನ್ನುತ್ತಿದೆ. ಇಲ್ಲಿ ಹಾಕುತ್ತೇನೆ, ಬೈಯುವವರು ಬೈಯಿರಿ.

ಕಳೆದ ಮಳೆಗಾಲದಲ್ಲಿ ಅಮ್ಮನನ್ನು ಜೋಗಕ್ಕೆ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ ಈಗ 68. ಹುಟ್ಟಿದ್ದು, ಮದುವೆಯಾಗಿ ಹೋಗಿದ್ದು ಎರಡೂ ಇದೇ ತಾಲ್ಲೂಕು. ಜೋಗ ನೋಡಿದ್ದು ಒಂದೇ ಸಲ, ಅದೂ ಮದುವೆಯಾದ ಹೊಸತರಲ್ಲಿ. ಸಾಗರದಲ್ಲಿ ಕೆಂಪು ಬಸ್ ಹತ್ತಿದರೆ ಹಿಂದಿನ ಸೀಟುಗಳಲ್ಲಿ ಗದಗದ ಕಡೆಯ ಏಳೆಂಟು ಹೆಂಗಸರು. ಬುತ್ತಿ ಕಟ್ಟಿಕೊಂಡು ಬಂದಿದ್ದರು. ಅವರ ಮಾತು ಅಮ್ಮನಿಗೆ ಅರ್ಧ ತಿಳಿಯುತ್ತಿರಲಿಲ್ಲ. ಅಮ್ಮನ ಮಾತು ಅವರಿಗೂ ಅಷ್ಟೇ. ಆದರೂ ಅರ್ಧ ದಾರಿಗೆ ಬರುವಷ್ಟರಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಅಮ್ಮನ ಕೈಗೆ ಬಂದಿತ್ತು, ಅಮ್ಮನ ಚೀಲದ ಹಲಸಿನ ಹಪ್ಪಳ ಆ ಕಡೆ ಹೋಗಿತ್ತು. ಕಂಡಕ್ಟರ್ ಬಂದು ಆಧಾರ್ ನೋಡಿ ಎಲ್ಲರಿಗೂ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಅವರಲ್ಲಿ ಹಿರಿಯಳೊಬ್ಬಳು ಎರಡೂ ಚೀಟಿ ಪಕ್ಕಪಕ್ಕ ಹಿಡಿದು, "ನಿಮ್ದೂ ನಮ್ದೂ ಒಂದ ಟಿಕೇಟ್ ನೋಡ್ರಿ" ಅಂದಳು.

ಅಷ್ಟೇ ಕತೆ. ಆದರೆ ಆಮೇಲೆ ನನಗೆ ಅನ್ನಿಸಿದ್ದು, 1956ರಲ್ಲಿ ಒಂದೇ ರಾಜ್ಯ ಆದ ಮೇಲೆ ನಮ್ಮಮ್ಮ ಗದಗದವರ ಜೊತೆ ಕೂತು ಊಟ ಹಂಚಿಕೊಂಡಿದ್ದು ಇದೇ ಮೊದಲು. ರಾಜ್ಯೋತ್ಸವದ ಬಾವುಟ ಮಾಡದ ಕೆಲಸವನ್ನು 2023ರ ಜೂನ್ 11ಕ್ಕೆ ಶುರುವಾದ, ಹೆಂಗಸರಿಗೆ ಸರ್ಕಾರಿ ಬಸ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಮಾಡಿತು. ಸರ್ಕಾರ ಜನರನ್ನು ನೋಡಿಕೊಂಡರೆ 'ನಾವು' ಅನ್ನುವ ಭಾವನೆ ಬರುತ್ತದಾ? ಅಥವಾ 'ನಾವು' ಅನ್ನುವುದು ಮೊದಲೇ ಇದ್ದರೆ ಮಾತ್ರ ಸರ್ಕಾರ ನೋಡಿಕೊಳ್ಳುತ್ತದಾ? ಯಾವ ಪಕ್ಷ ಒಳ್ಳೆಯದು ಅಂತ ನಾನು ಕೇಳುತ್ತಿಲ್ಲ, ದಯವಿಟ್ಟು ಅದನ್ನು ಎಳೆಯಬೇಡಿ.

ಕಂಬಳಿಕೊಪ್ಪೆ (ಹೊಸನಗರ)

ಓದಲು ಚೆನ್ನಾಗಿದೆ. ಆದರೆ ನಮ್ಮೂರಿಗೆ ನಿಮ್ಮ ಕೆಂಪು ಬಸ್ ಬರುವುದೇ ಇಲ್ಲ ಮಾರಾಯ್ರೆ.

ಮಲೆನಾಡಿನ ಒಳಗಿನ ರಸ್ತೆಗಳಲ್ಲಿ ಬಸ್ಸು ಅಂದರೆ ಜಾಸ್ತಿ ಕಡೆ ಖಾಸಗಿ ಬಸ್ಸೇ. ಶಕ್ತಿ ಯೋಜನೆ ಅದರಲ್ಲಿ ನಡೆಯುವುದಿಲ್ಲ. ನನ್ನ ಹೆಂಡತಿ ಪೇಟೆಗೆ ಹೋಗಿ ಬರಬೇಕೆಂದರೆ ಈಗಲೂ ಪೂರ್ತಿ ದುಡ್ಡು ಕೊಡುತ್ತಾಳೆ. ಮಂಡ್ಯದವಳಿಗೆ ಸೊನ್ನೆ, ಇವಳಿಗೆ ಚಾರ್ಜು. ಇವಳೂ ಕರ್ನಾಟಕದವಳೇ ತಾನೆ? ನೀವು ಹೇಳುವ 'ಒಂದೇ ಟಿಕೆಟ್' ಹೆದ್ದಾರಿಯ ಪಕ್ಕದವರಿಗೆ ಮಾತ್ರ.

ಖಾಸಗಿ ಬಸ್ಸಿನವರನ್ನು ಬೈಯಲೂ ಮನಸ್ಸು ಬರುವುದಿಲ್ಲ. ನಮ್ಮ ಡ್ರೈವರ್ ಅಜ್ಜಿ ಬರುವವರೆಗೆ ಹಾರ್ನ್ ಹೊಡೆದು ಕಾಯುತ್ತಾನೆ. ಪೇಟೆಯಿಂದ ಮಾತ್ರೆ, ಪೇಪರು, ಮಗನ ಮಾರ್ಕ್ಸ್ ಕಾರ್ಡು ಎಲ್ಲ ತಂದು ಕೊಡುತ್ತಾನೆ. ಕೊಪ್ಪದಲ್ಲಿ ಸಹಕಾರ ಸಾರಿಗೆ ಇತ್ತಲ್ಲ, 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ್ದು, 2020ರಲ್ಲಿ ನಿಂತುಹೋಯಿತು. ಅದು ನಿಂತ ದಿನ ನಮ್ಮ ಭಾವನ ಮನೆಯಲ್ಲಿ ಸೂತಕದ ಹಾಗೆ ಕೂತಿದ್ದರು. 'ನಮ್ಮದು' ಅನ್ನುವ ಭಾವನೆಗೆ ಸರ್ಕಾರದ ಬಸ್ಸೇ ಬೇಕಂತಿಲ್ಲ.

ಹಾಳೆಟೊಪ್ಪಿ (ಸಾಗರ)

ಯಾರೂ ಹೇಳದಿದ್ದರೆ ನಾನೇ ಹೇಳುತ್ತೇನೆ. ಐದು ಗ್ಯಾರಂಟಿಗೆ ವರ್ಷಕ್ಕೆ 50 ಸಾವಿರ ಕೋಟಿಗೂ ಜಾಸ್ತಿ ಹೋಗುತ್ತಿದೆ. ನಮ್ಮ ಮನೆಗೆ ಹೋಗುವ ಕಚ್ಚಾ ರಸ್ತೆ ಮೂರು ಮಳೆಗಾಲದಿಂದ ಹಾಗೇ ಇದೆ. ತೋಟಕ್ಕೆ ಕೆಲಸದವರು ಸಿಗುತ್ತಿಲ್ಲ. ಅಡಿಕೆಯ ಕೊಳೆರೋಗಕ್ಕೆ ಎರಡು ಸಲ ಔಷಧಿ ಹೊಡೆಯುವ ಕಡೆ ಒಂದೇ ಸಲ ಹೊಡೆದು ದೇವರ ಮೇಲೆ ಭಾರ ಹಾಕಿದ್ದೇನೆ. ನನ್ನ ಹೆಂಡತಿಗೆ ಗೃಹಲಕ್ಷ್ಮಿ ಇಲ್ಲ, ಯಾಕೆಂದರೆ ನಾನು ತೆರಿಗೆ ಕಟ್ಟುತ್ತೇನೆ. ಕಟ್ಟುವವನು ನಾನು, 'ನಾವು' ಅನ್ನುವ ಗುಂಪಿನಿಂದ ಹೊರಗೂ ನಾನೇ.

ಬಿಟ್ಟಿ ಕೊಟ್ಟರೆ ನಾಡು ಕಟ್ಟುವುದಿಲ್ಲ. ಬಿಟ್ಟಿ ತಿಂದವನಿಗೆ ಕೊಟ್ಟ ಕೈ ನೆನಪಿರುತ್ತದೆ, ನಾಡು ನೆನಪಿರುವುದಿಲ್ಲ. ಮುಂದಿನ ಚುನಾವಣೆಗೆ ಜಾಸ್ತಿ ಕೊಡುವ ಕೈ ಬಂದರೆ ಅದನ್ನು ಹಿಡಿಯುತ್ತಾನೆ.

ಕೊಳಗ (ಸಾಗರ)

ಹಾಳೆಟೊಪ್ಪಿಯವರೇ, ನಿಮ್ಮ ರಸ್ತೆಯ ಸಿಟ್ಟು ನನಗೂ ಇದೆ. ಒಂದೇ ರಸ್ತೆ ಇರಬಹುದು. ಆದರೆ 'ಬಿಟ್ಟಿ' ಅನ್ನುವ ಶಬ್ದದ ಹತ್ತಿರ ಸ್ವಲ್ಪ ನಿಲ್ಲಿ.

ನಮ್ಮ ಮನೆಯಲ್ಲಿ ಆ ಶಬ್ದಕ್ಕೆ ಬೇರೆ ಅರ್ಥ. ನಮ್ಮಜ್ಜ ಒಡೆಯರ ಮನೆಗೆ ಬಿಟ್ಟಿ ಹೋಗುತ್ತಿದ್ದ. ಅಂದರೆ ಕೂಲಿ ಇಲ್ಲದ ಚಾಕರಿ. ಬೇಲಿ ಕಟ್ಟುವುದು, ಸೌದೆ ಒಡೆಯುವುದು, ಮದುವೆ ಮನೆಗೆ ಚಪ್ಪರ ಹಾಕುವುದು. ಬಿಟ್ಟಿ ಅಂದರೆ ಬಡವನು ಕೊಟ್ಟಿದ್ದೇ ಹೊರತು ಬಡವನಿಗೆ ಸಿಕ್ಕಿದ್ದಲ್ಲ. ಎರಡು ತಲೆಮಾರಿನಲ್ಲಿ ಆ ಶಬ್ದ ಹೇಗೆ ತಲೆಕೆಳಗಾಯಿತು ನೋಡಿ. ನನಗೆ ಒಂದೊಂದು ಸಲ ನಗು ಬರುತ್ತದೆ.

ನನ್ನ ಹೆಸರಿನ ಕೊಳಗ ಯಾಕೆ ಅಂತ ಕೆಲವರು ಕೇಳಿದ್ದರು. ಗೇಣಿ ಭತ್ತ ಅಳೆಯುವ ಪಾತ್ರೆ ಅದು. ಗೇಣಿ ತೆಗೆದುಕೊಳ್ಳುವಾಗ ದೊಡ್ಡ ಕೊಳಗ ಬರುತ್ತದೆ ಅಂತಲೇ ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ ಜಗಳ ಎದ್ದಿದ್ದು. 1951. ಎಚ್. ಗಣಪತಿಯಪ್ಪ ಗೇಣಿದಾರರನ್ನು ಒಟ್ಟು ಮಾಡಿದರು. ಸಮಾಜವಾದಿಗಳು ಬಂದರು, ರಾಮಮನೋಹರ ಲೋಹಿಯಾ ಬಂದು ಜೈಲಿಗೆ ಹೋದರು. ಗೇಣಿದಾರರಲ್ಲಿ ಹೆಚ್ಚಿನವರು ನಮ್ಮ ದೀವರ ಜಾತಿಯವರು. ಒಂದು ಪಾತ್ರೆಯ ಅಳತೆಯಿಂದ ಶುರುವಾದ ಮಾತು ಕೊನೆಗೆ ನೆಲ ಯಾರದ್ದು ಅನ್ನುವಲ್ಲಿಗೆ ಹೋಗಿ ನಿಂತಿತು.

ಆ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸಕರಾದರು. ಗೇಣಿದಾರನಿಗೆ ಭೂಮಿ ಕೊಡಿ ಅಂತ ವಿಧಾನಸಭೆಯಲ್ಲಿ ಕೂಗಿದವರೂ ಅವರೇ, ರಾಜ್ಯಕ್ಕೆ ಮೈಸೂರು ಬೇಡ, ಕರ್ನಾಟಕ ಅಂತ ಹೆಸರಿಡಿ ಅಂದವರೂ ಅವರೇ. ಅವರಿಗೆ ಇವು ಎರಡು ಬೇರೆ ಬೇರೆ ಕೆಲಸ ಆಗಿರಲಿಲ್ಲ. ಮೈಸೂರು ಅಂದರೆ ಅರಮನೆಯ ಹೆಸರು, ಕರ್ನಾಟಕ ಅಂದರೆ ಜನರ ಹೆಸರು. ಜನರ ಹೆಸರಿಟ್ಟ ಮೇಲೆ ಜನರಿಗೆ ನೆಲ ಬೇಡವಾ? ದೇವರಾಜ ಅರಸರ ಕಾಲದಲ್ಲಿ 1973ರ ನವೆಂಬರ್ 1ಕ್ಕೆ ಹೆಸರು ಬದಲಾಯಿತು. ಭೂಸುಧಾರಣೆಯ ದೊಡ್ಡ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಗೆ ಬಂತು. ನಡುವೆ ನಾಲ್ಕೇ ತಿಂಗಳು. ಗೋಪಾಲಗೌಡರು ಎರಡನ್ನೂ ನೋಡಲಿಲ್ಲ, 1972ರಲ್ಲೇ ಹೋಗಿಬಿಟ್ಟರು.

ಅಜ್ಜ ಫಾರಂ ನಂಬರ್ 7 ಹಾಕಿದ, ಅಂದರೆ ಉಳುವ ಭೂಮಿ ನನಗೆ ಕೊಡಿ ಅಂತ ಗೇಣಿದಾರ ಹಾಕುವ ಅರ್ಜಿ. ಭೂ ನ್ಯಾಯಮಂಡಳಿ ಮುಂದೆ ನಿಂತ. ಮೂರು ಎಕರೆ ಚಿಲ್ಲರೆ ಬಂತು. ಆ ಕಾಗದವನ್ನು ಲ್ಯಾಮಿನೇಟ್ ಮಾಡಿಸಿ ದೇವರ ಫೋಟೋ ಪಕ್ಕದಲ್ಲಿ ತೂಗು ಹಾಕಿದ್ದೇವೆ. ನನ್ನ ಮಟ್ಟಿಗೆ ಕರ್ನಾಟಕ ಹುಟ್ಟಿದ್ದು ಆ ಕಾಗದದಲ್ಲಿ. ಅದಕ್ಕೆ ಮೊದಲು ನಮಗೆ ಒಡೆಯರ ಊರಿತ್ತು, ರಾಜ್ಯ ಇರಲಿಲ್ಲ.

ಮೆತ್ತಿನ ಮನೆ (ಶಿವಮೊಗ್ಗ)

ನಾನು ಆ ಕಡೆಯ, ಅಂದರೆ ಭೂಮಿ ಗೇಣಿಗೆ ಕೊಟ್ಟ ಒಡೆಯರ ಮನೆಯವಳು. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನಮ್ಮಜ್ಜಿ ವಿಧವೆ. ಕೂದಲು ತೆಗೆಸಿದ್ದರು, ಹೊರಗೆ ಬರುವ ಹಾಗಿರಲಿಲ್ಲ, ಉಳುಮೆ ಮಾಡಿಸುವುದಕ್ಕೆ ಮನೆಯಲ್ಲಿ ಗಂಡು ದಿಕ್ಕಿರಲಿಲ್ಲ. ಇದ್ದ ನಾಲ್ಕು ಎಕರೆ ಗೇಣಿಗೆ ಕೊಟ್ಟಿದ್ದರು. ಎಲ್ಲವೂ ಹೋಯಿತು. ಪರಿಹಾರ ಬಂದಿದ್ದು ಎಷ್ಟು ಕಡಿಮೆ ಅಂದರೆ ಅಜ್ಜಿ ಅದನ್ನು ಕೊನೆವರೆಗೂ ಲೆಕ್ಕಕ್ಕೇ ಹಿಡಿಯಲಿಲ್ಲ. ಒಡೆಯ ಅಂದರೆ ನೂರು ಎಕರೆಯವನು ಅಂತಲೇ ಎಲ್ಲರ ತಲೆಯಲ್ಲಿದೆ. ನಾಲ್ಕು ಎಕರೆಯ ಒಡತಿಯರೂ ಇದ್ದರು. ಅವರಿಗೂ ಕಾನೂನು ಒಂದೇ.

ಆದರೆ ಕೊಳಗ ಅವರು ಬರೆದಿದ್ದು ಓದಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಭೂಮಿ ಹೋಗಿದ್ದರಿಂದ ನಮ್ಮಪ್ಪ, ಚಿಕ್ಕಪ್ಪ ಇಬ್ಬರೂ ಓದಲೇಬೇಕಾಯಿತು. ಸರ್ಕಾರಿ ಶಾಲೆ, ಸರ್ಕಾರಿ ಕಾಲೇಜು, ಕೊನೆಗೆ ಸರ್ಕಾರಿ ಕೆಲಸ. ಒಂದು ಕೈಯಲ್ಲಿ ತೆಗೆದುಕೊಂಡ ಸರ್ಕಾರವೇ ಇನ್ನೊಂದು ಕೈಯಲ್ಲಿ ಕೊಟ್ಟಿತು. ನಮ್ಮ ಮನೆಯಲ್ಲಿ ಅರಸು ಅವರ ಹೆಸರು ಹೇಳಿದರೆ ಇವತ್ತಿಗೂ ಅತ್ತೆಯಂದಿರು ಮುಖ ತಿರುಗಿಸುತ್ತಾರೆ. ಅದೇ ಅತ್ತೆಯಂದಿರು ಈಗ ಕೆಂಪು ಬಸ್ಸಿನಲ್ಲಿ ಶೃಂಗೇರಿ, ಹೊರನಾಡು, ಧರ್ಮಸ್ಥಳ ಮೂರನ್ನೂ ಸುತ್ತಿ ಬಂದರು.

ಇನ್ನೊಂದು ನೋಡಿ. 1974ರ ಕಾಗದ ಅಜ್ಜನ ಹೆಸರಿಗೆ ಬಂತು ಅಂದಿರಿ. ಅಜ್ಜಿಯ ಹೆಸರು ಅದರಲ್ಲಿತ್ತಾ?

ಕೊಳಗ (ಸಾಗರ)

ಇರಲಿಲ್ಲ. ಗದ್ದೆಯ ಕೆಸರಲ್ಲಿ ಇಬ್ಬರೂ ಇದ್ದರು, ಕಾಗದದಲ್ಲಿ ಒಬ್ಬನೇ. ಸರಿಯಾದ ಪ್ರಶ್ನೆ ಕೇಳಿದಿರಿ. ನಮ್ಮ ಮನೆಯಲ್ಲಿ ಸರ್ಕಾರದ ಕಾಗದದ ಮೇಲೆ ಹೆಂಗಸಿನ ಹೆಸರು ಯಜಮಾನಿ ಅಂತ ಬಂದಿದ್ದು 2023ರಲ್ಲೇ, ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರ ರೂಪಾಯಿಗೆ. ಅಮ್ಮ ಮೊದಲ ತಿಂಗಳ ದುಡ್ಡಲ್ಲಿ ಕುಕ್ಕರ್ ತಂದಳು. ಅಪ್ಪನನ್ನು ಕೇಳಲಿಲ್ಲ.

ನಿಮ್ಮ ಅಜ್ಜಿಯ ಕತೆಗೆ ನನ್ನ ಹತ್ತಿರ ಉತ್ತರ ಇಲ್ಲ. ಹಾಗೆ ಆಗಬಾರದಿತ್ತು.

ದೂರದ ಮಳೆ (ಗ್ಲಾಸ್ಗೋ, ಊರು ಕಮ್ಮರಡಿ)

ಇಲ್ಲಿಯೂ ಮಳೆ, ಅಲ್ಲಿಯೂ ಮಳೆ. ಅದಕ್ಕೇ ನನಗೆ ಇಲ್ಲಿ ಜಾಸ್ತಿ ಬೇಜಾರಾಗಲಿಲ್ಲ.

ಹಕ್ಕಿಯವರ ಪ್ರಶ್ನೆ ಇಲ್ಲಿ ಸ್ಕಾಟ್ಲೆಂಡಿನಲ್ಲಿ ದಿನಾ ನಡೆಯುವ ಜಗಳ. 1948ರ ಜುಲೈ 5ಕ್ಕೆ ಬ್ರಿಟನ್ನಿನಲ್ಲಿ ಎಲ್ಲರಿಗೂ ಉಚಿತ ಆರೋಗ್ಯ ಸೇವೆ ಶುರುವಾಯಿತು. ಯುದ್ಧ ಮುಗಿಸಿ ಬಂದ ಜನ, ಇಂಗ್ಲೆಂಡಿನವನಾಗಲಿ, ವೇಲ್ಸಿನವನಾಗಲಿ, ಒಂದೇ ಆಸ್ಪತ್ರೆಯ ಸಾಲಿನಲ್ಲಿ ನಿಂತರು. ಬ್ರಿಟನ್ ಅನ್ನುವ ಒಂದು 'ನಾವು' ಗಟ್ಟಿಯಾಗಲು ಅದೂ ಒಂದು ಕಾರಣ ಅಂತ ಇಲ್ಲಿನ ಹಳಬರು ಹೇಳುತ್ತಾರೆ. ಆಮೇಲೆ 1999ರಲ್ಲಿ ಸ್ಕಾಟ್ಲೆಂಡಿಗೆ ತನ್ನದೇ ಪಾರ್ಲಿಮೆಂಟು ಬಂತು. ಆಗಿನಿಂದ ಇವರು ಒಂದೊಂದೇ ಬೇರೆ ದಾರಿ ಹಿಡಿದರು. ಮುದುಕರ ಆರೈಕೆ ಉಚಿತ, 2002ರಿಂದ. ಔಷಧಿ ಚೀಟಿಗೆ ದುಡ್ಡಿಲ್ಲ, 2011ರಿಂದ. ಇಲ್ಲಿನ ಮಕ್ಕಳಿಗೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಫೀಸಿಲ್ಲ. ಗಡಿಯಾಚೆ ಇಂಗ್ಲೆಂಡಿನಲ್ಲಿ ಔಷಧಿಗೂ ಫೀಸಿಗೂ ದುಡ್ಡು ಕೊಡಬೇಕು. ಈಗ ನನ್ನ ಪಕ್ಕದ ಮನೆಯಾಕೆಗೆ ಸ್ಕಾಟ್ಲೆಂಡ್ ಬೇರೆ ಹೇಗೆ ಅಂತ ಕೇಳಿದರೆ ಬ್ಯಾಗ್‌ಪೈಪಿನ ಸುದ್ದಿ ಎತ್ತುವುದಿಲ್ಲ. ಮಾತ್ರೆ ಪುಕ್ಕಟೆ ಅನ್ನುತ್ತಾಳೆ.

ಅಂದರೆ ಮೊದಲು ಇಡೀ ಬ್ರಿಟನ್ನನ್ನು ಒಟ್ಟು ಮಾಡಿದ ಅದೇ ಹಗ್ಗ ಈಗ ಸ್ಕಾಟ್ಲೆಂಡನ್ನು ಬೇರೆಯಾಗಿ ಕಟ್ಟುತ್ತಿದೆ. ಹಗ್ಗ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ.

ಇದರಲ್ಲಿ ಮಲೆನಾಡಿನವರು ನೋಡಬೇಕಾದ್ದು ಇನ್ನೊಂದಿದೆ. ಇಲ್ಲಿನ ಉತ್ತರದ ಗುಡ್ಡಗಾಡು, ದ್ವೀಪಗಳಲ್ಲಿ ಮನೆಗಳು ನಮ್ಮ ಹಾಗೇ ದೂರ ದೂರ. ಡಾಕ್ಟರಿಗೆ ಅಲ್ಲಿ ಹೊಟ್ಟೆ ತುಂಬುವಷ್ಟು ಸಂಪಾದನೆ ಇರಲಿಲ್ಲ, ಹಾಗಾಗಿ ಡಾಕ್ಟರೇ ಇರಲಿಲ್ಲ. 1913ರಲ್ಲೇ ಸರ್ಕಾರ ಆ ಗುಡ್ಡಗಾಡಿಗೆ ಮಾತ್ರ ಒಂದು ವೈದ್ಯ ಸೇವೆ ಮಾಡಿತು. ಡಾಕ್ಟರಿಗೆ ಸಂಪಾದನೆಯ ಭರವಸೆ, ಓಡಾಟದ ಖರ್ಚು ಎಲ್ಲ ಸರ್ಕಾರದ್ದು. 35 ವರ್ಷ ಆದ ಮೇಲೆ ಇಡೀ ದೇಶಕ್ಕೆ ಮಾಡುವಾಗ ಅದೇ ಒಂದು ಮಾದರಿ. ಗುಡ್ಡದವರಿಗೆ ಅಂತ ಮಾಡಿದ್ದು ಬಯಲಿಗೆ ಹೋಯಿತು. ನಮ್ಮಲ್ಲಿ ಯಾವಾಗಲೂ ಬಯಲಿಗೆ ಮಾಡಿದ್ದನ್ನು ಗುಡ್ಡಕ್ಕೆ ತಂದು ಅಂಟಿಸುತ್ತಾರೆ. ಕಂಬಳಿಕೊಪ್ಪೆಯವರ ಬಸ್ಸಿನ ಕತೆ ಅದೇ ಅಲ್ವಾ?

ಅಂದ ಹಾಗೆ ಇಲ್ಲಿ 60 ದಾಟಿದವರಿಗೆ 2006ರಿಂದ, 22ರ ಒಳಗಿನವರಿಗೆ 2022ರಿಂದ ಬಸ್ ಉಚಿತ. ಬಸ್ಸು ಮಾತ್ರ ಹೆಚ್ಚಿನವು ಖಾಸಗಿ ಕಂಪನಿಯವು.

ಕಂಬಳಿಕೊಪ್ಪೆ (ಹೊಸನಗರ)

ಏನಂದ್ರಿ? ಖಾಸಗಿ ಬಸ್ಸಿನಲ್ಲಿ ಉಚಿತವಾ? ಅದು ಹೇಗೆ ನಡೆಯುತ್ತದೆ? ವಿವರ ಬೇಕು.

ಹಿನ್ನೀರಿನವ (ತುಮರಿ ಕಡೆ)

ನೀವೆಲ್ಲ ಏನು ಸಿಕ್ಕಿತು ಅಂತ ಬರೆದಿರಿ. ನಾವು ಏನು ಕೊಟ್ಟೆವು ಅಂತ ಬರೆಯುತ್ತೇನೆ.

ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಇಡೀ ರಾಜ್ಯಕ್ಕೆ ಬೆಳಕು ಕೊಡುವ ಕೆಲಸ, ಎದೆ ತಟ್ಟಿ ಹೇಳಿಕೊಳ್ಳುವ ಕೆಲಸ. ನಮ್ಮಜ್ಜನ ಊರು ನೀರಿನಡಿ ಹೋಯಿತು. ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿದರು. ಕಾಡು ಕಡಿದು ಮನೆ ಕಟ್ಟಿಕೊಳ್ಳಿ ಅಂದರು, ಕಟ್ಟಿಕೊಂಡರು. ಆ ನೆಲಕ್ಕೆ ಇವತ್ತಿಗೂ ಹಕ್ಕುಪತ್ರ ಇಲ್ಲ. ದಾಖಲೆಯಲ್ಲಿ ಅದು ಅರಣ್ಯ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತು ಅಂತ ಖುಷಿಪಟ್ಟರೆ ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದ ದಾಖಲೆ ತೋರಿಸಬೇಕು ಅನ್ನುತ್ತದೆ. ಅದೂ 2005ಕ್ಕೆ ಮೊದಲು. ಸರ್ಕಾರವೇ ನಮ್ಮನ್ನು ತಂದು ಬಿಟ್ಟಿದ್ದು ಅರವತ್ತರ ದಶಕದಲ್ಲಿ. 75 ಎಲ್ಲಿಂದ ತರೋಣ? ಮುಳುಗಿದ ಊರಿನ ದಾಖಲೆ ಹಿಡಿದು ನೀರಿಗೆ ಇಳಿಯೋಣವಾ?

ಈಗ ಗೃಹಜ್ಯೋತಿಯಲ್ಲಿ ಕರೆಂಟ್ ಬಿಲ್ ಸೊನ್ನೆ ಬರುತ್ತದೆ. 200 ಯೂನಿಟ್ ಅಂತ ಬೋರ್ಡು. ನಿಜವಾಗಿ ಹಿಂದಿನ ವರ್ಷ ಸರಾಸರಿ ಎಷ್ಟು ಉರಿಸಿದ್ದೆವೋ ಅದರ ಮೇಲೆ ಚೂರು. ನಾವು ಉರಿಸಿದ್ದೇ ಕಮ್ಮಿ, ಹಾಗಾಗಿ ನಮಗೆ ಪುಕ್ಕಟೆಯೂ ಕಮ್ಮಿ. ಕರೆಂಟಿಗೆ ಊರು ಕೊಟ್ಟವರ ಲೆಕ್ಕ ಇದು.

ಸೇತುವೆ ಮಾತ್ರ ಬಂತು. 2025ರ ಜುಲೈ 14, ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರ್. ಅರವತ್ತು ವರ್ಷ ಹಿನ್ನೀರು ದಾಟಿಸುವ ಲಾಂಚಿಗೆ ಕಾದ ಮೇಲೆ. ಹೆರಿಗೆ ನೋವಿನಲ್ಲಿ ದಡದಲ್ಲಿ ಕೂತವರ ಕತೆ ಇಲ್ಲಿ ಪ್ರತಿ ಮನೆಯಲ್ಲೂ ಒಂದಿದೆ. ದುಡ್ಡು ಕೇಂದ್ರದ್ದು. ಉದ್ಘಾಟನೆಗೆ ಯಾರನ್ನು ಕರೆದರು, ಯಾರನ್ನು ಬಿಟ್ಟರು ಅಂತ ಕೇಂದ್ರಕ್ಕೂ ರಾಜ್ಯಕ್ಕೂ ಜಗಳವಾಯಿತು. ಯಾವ 'ನಾವು' ಸೇತುವೆ ಕಟ್ಟಿತು ಅಂತ ನಮ್ಮೂರಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೊದಲ ದಿನ ನಮ್ಮತ್ತಿಗೆ ಸುಮ್ನೆ ಆ ಕಡೆ ನಡೆದು ಹೋಗಿ ಈ ಕಡೆ ಬಂದಳು, ಅಷ್ಟೇ.

2019ರಲ್ಲಿ ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುತ್ತೇವೆ ಅಂದಾಗ ಇಡೀ ಜಿಲ್ಲೆ ಬಂದ್ ಮಾಡಿತಲ್ಲ? ಆವತ್ತು ಕಂಡಿದ್ದು ಮಲೆನಾಡಿನ 'ನಾವು'. ಕರ್ನಾಟಕದ್ದಲ್ಲ. ಕೊಡುವಾಗ ಮಾತ್ರ ಒಂದೇ ನಾಡು, ಪಡೆಯುವಾಗ ತಾಲ್ಲೂಕು ಬೇರೆ ಅಂದರೆ ಯಾರು ಕೇಳುತ್ತಾರೆ?

ಮೂರು ಪಾಳಿ (ಭದ್ರಾವತಿ)

ಭದ್ರಾವತಿಯಿಂದ ಒಂದು ಮಾತು. ನಮಗೆ ಈ ಚರ್ಚೆ ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ನಮ್ಮ ಕಡೆ ಸರ್ಕಾರ ಅಂದರೆ ಕಾರ್ಖಾನೆ. ಮೈಸೂರು ಮಹಾರಾಜರ ಕಾಲದಲ್ಲಿ, 1923ರಲ್ಲಿ ಕಬ್ಬಿಣ ಹೊರಬಂತು. 1936ರಲ್ಲಿ ಕಾಗದದ ಕಾರ್ಖಾನೆ. ಮನೆ ಅವರದ್ದು, ಆಸ್ಪತ್ರೆ ಅವರದ್ದು, ಶಾಲೆ ಅವರದ್ದು, ನಾವು ಏಳುವ ಹೊತ್ತೂ ಅವರ ಸೈರನ್ನಿನದ್ದು.

ನಮ್ಮ ಬೀದಿಯಲ್ಲಿ ತಮಿಳಿನವರು, ತೆಲುಗಿನವರು, ಉರ್ದು ಮನೆಯವರು, ಒಕ್ಕಲಿಗರು, ಲಿಂಗಾಯತರು ಎಲ್ಲ ಇದ್ದರು. ಮನೆಯೊಳಗೆ ಯಾವ ಭಾಷೆಯೋ, ಬೀದಿಯಲ್ಲಿ ಕನ್ನಡ. ಯಾರೂ ಹೇಳಿ ಕಲಿಸಲಿಲ್ಲ. ಒಂದೇ ಕ್ವಾರ್ಟರ್ಸ್, ಒಂದೇ ಸಂಬಳದ ದಿನ, ಒಂದೇ ಹೊಗೆ. ಕಬ್ಬಿಣದ ಕಾರ್ಖಾನೆ 1998ರಲ್ಲಿ ಕೇಂದ್ರದ ಸ್ಟೀಲ್ ಅಥಾರಿಟಿಗೆ ಸೇರಿತು. ಕಾಗದದ್ದು ನಿಂತೇ ಹೋಯಿತು. ಖಾಲಿ ಕ್ವಾರ್ಟರ್ಸಿನ ಕಿಟಕಿಯಲ್ಲಿ ಅರಳಿ ಗಿಡ ಬೆಳೆದಿದೆ. ಆಮೇಲೆ ನಮ್ಮೂರಲ್ಲಿ ಜಾತಿಯ ಸಂಘಗಳು ಜಾಸ್ತಿಯಾದವು. ಕಾರಣ ಇದೇ ಅಂತ ಸಾಧಿಸಲು ನನ್ನಿಂದ ಆಗುವುದಿಲ್ಲ, ಕಣ್ಣಿಗೆ ಕಂಡಿದ್ದು ಹೇಳಿದೆ.

ತಿಂಗಳಿಗೆ ಎರಡು ಸಾವಿರ ಖಾತೆಗೆ ಬರುವುದಕ್ಕೂ ಒಟ್ಟಿಗೆ ಒಂದು ಆಸ್ಪತ್ರೆ ಇರುವುದಕ್ಕೂ ವ್ಯತ್ಯಾಸ ಇದೆ. ಖಾತೆಗೆ ಬಂದ ದುಡ್ಡು ನನ್ನದು. ಆಸ್ಪತ್ರೆ ನಮ್ಮದು.

ಹಾಳೆಟೊಪ್ಪಿ (ಸಾಗರ)

ಇದನ್ನು ಒಪ್ಪುತ್ತೇನೆ. ನಾನು ಹೇಳಲು ಹೊರಟು ಸಿಟ್ಟಿನಲ್ಲಿ ಕೆಡಿಸಿದ್ದು ಇದನ್ನೇ. ಕೊಳಗ ಅವರಿಗೆ: 'ಬಿಟ್ಟಿ' ಅನ್ನುವ ಆ ಶಬ್ದ ಇನ್ನು ಬಳಸುವುದಿಲ್ಲ. ರಸ್ತೆಯ ಸಿಟ್ಟು ಬಿಡುವುದಿಲ್ಲ.

ಸೊರಬದಾಕೆ (ಸೊರಬ)

ಒಂದೇ ಜಿಲ್ಲೆಯಿಂದ ಎಷ್ಟು ಮುಖ್ಯಮಂತ್ರಿಗಳು ಬಂದರು ಅಂತ ಇಲ್ಲಿ ಎಲ್ಲರಿಗೂ ಬಾಯಿಪಾಠ. ಕಡಿದಾಳು ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ. ನನಗೆ ಕುತೂಹಲದ ವಿಷಯ ಅಂದರೆ ಜನ ಅವರನ್ನು ನೆನೆಯುವುದು ಏನು ಕೊಟ್ಟರು ಅನ್ನುವುದರಿಂದ. ನಮ್ಮ ಕಡೆ ಬಂಗಾರಪ್ಪ ಅಂದರೆ ಪಂಪ್‌ಸೆಟ್ಟಿಗೆ ಉಚಿತ ಕರೆಂಟ್, ಆಶ್ರಯ ಮನೆ. ನಮ್ಮ ಮನೆ ಕೂಡ ಆಶ್ರಯ ಮನೆ, ಈಗ ಮುಂದೆ ಒಂದು ಸಿಟೌಟ್ ಎಳೆದಿದ್ದೇವೆ. ಯಡಿಯೂರಪ್ಪ ಅಂದರೆ ಭಾಗ್ಯಲಕ್ಷ್ಮಿ ಬಾಂಡು, ಎಂಟನೇ ಕ್ಲಾಸಿನ ಸೈಕಲ್ಲು. ಪಕ್ಷ ಬೇರೆ, ಕೊಡುವ ಚಾಳಿ ಒಂದೇ. ಇದನ್ನು ಕೆಟ್ಟದು ಅಂತ ಹೇಳುತ್ತಿಲ್ಲ. ಆ ಸೈಕಲ್ ಇಲ್ಲದಿದ್ದರೆ ನಾನು ಹೈಸ್ಕೂಲ್ ಬಿಡುತ್ತಿದ್ದೆ. ಆರು ಕಿಲೋಮೀಟರ್, ಅರ್ಧ ಕಾಡು.

ನನ್ನ ತಕರಾರು ಹೆಸರುಗಳ ಮೇಲೆ. ಅನ್ನಭಾಗ್ಯ, ಕ್ಷೀರಭಾಗ್ಯ, ಭಾಗ್ಯಲಕ್ಷ್ಮಿ. ಭಾಗ್ಯ ಅಂದರೆ ಹಣೆಬರಹ. ಪಡೆಯುವವರಿಗೆ 'ಫಲಾನುಭವಿ' ಅನ್ನುತ್ತಾರೆ. ಯಾರೋ ನೆಟ್ಟ ಮರದ ಹಣ್ಣು ತಿಂದವರ ಹಾಗೆ. 1974ರವರು 'ಉಳುವವನೇ ಹೊಲದೊಡೆಯ' ಅಂದರು. ಆ ಮಾತಿನಲ್ಲಿ ಪಡೆಯುವವನು ಒಡೆಯ. ಅಲ್ಲಿಂದ ಇಲ್ಲಿಗೆ ಬರುವಾಗ ನಾವು ಎಲ್ಲೋ ಒಡೆಯರಿಂದ ಫಲಾನುಭವಿಗಳಾದೆವು. ಈಗ 'ಗ್ಯಾರಂಟಿ' ಅನ್ನುತ್ತಾರೆ. ಮಿಕ್ಸಿಗೂ ಗ್ಯಾರಂಟಿ ಇರುತ್ತದೆ.

ಮತ್ತೆ ರೇಷನ್ ಅಂಗಡಿಯ ಕತೆ. ನಮ್ಮಜ್ಜಿ ಐವತ್ತು ವರ್ಷ ಅಡಿಕೆ ಸುಲಿದವಳು. ಬೆರಳಲ್ಲಿ ಗೆರೆಯೇ ಉಳಿದಿಲ್ಲ. ಹೆಬ್ಬೆರಳು ಒತ್ತಿದರೆ ಮಿಷನ್ ಒಪ್ಪುವುದಿಲ್ಲ. ಒಂದು ತಿಂಗಳು ಸರ್ವರ್ ಇಲ್ಲ, ಇನ್ನೊಂದು ತಿಂಗಳು ಅಜ್ಜಿಯ ಬೆರಳಿಲ್ಲ. ಮೂರು ಸಲ ನಡೆಸಿದರು. ಅಜ್ಜಿ ಕೊನೆಗೆ, "ಸುಲಿದ ಕೈ ಅಂತ ಗೊತ್ತಾಗಲ್ವಾ ಅದಕ್ಕೆ?" ಅಂತ ಕೇಳಿದಳು. ಆ ಅಕ್ಕಿಯಲ್ಲಿ ಕಡುಬು ಸರಿಯಾಗಿ ಬರುವುದಿಲ್ಲ ಅನ್ನುವುದು ಬೇರೆ ಮಾತು. ದೋಸೆಗೆ ಪರವಾಗಿಲ್ಲ.

ಮಂಡಗದ್ದೆ ಹಕ್ಕಿ (ತೀರ್ಥಹಳ್ಳಿ)

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎರಡು ಮಾತು ಸೇರಿಸುತ್ತೇನೆ.

ಕಡಿದಾಳು ಮಂಜಪ್ಪನವರು ನಮ್ಮ ತಾಲ್ಲೂಕಿನವರು. 1956ರ ಆಗಸ್ಟಿನಿಂದ ಅಕ್ಟೋಬರ್ 31ರವರೆಗೆ, ಎರಡೂವರೆ ತಿಂಗಳು ಮುಖ್ಯಮಂತ್ರಿ. ಹಳೆಯ ಮೈಸೂರು ರಾಜ್ಯದ ಕೊನೆಯ ಮುಖ್ಯಮಂತ್ರಿ. ಮಾರನೇ ದಿನ ದೊಡ್ಡ ರಾಜ್ಯ ಹುಟ್ಟಿತು, ಇವರು ಕುರ್ಚಿ ಬಿಟ್ಟರು. ಆವತ್ತು ಸೇರಿದ್ದು ನಕ್ಷೆ. ಜನ ಸೇರಿದ್ದು ಆಮೇಲೆ, ಚೂರು ಚೂರಾಗಿ, ಹಿನ್ನೀರಿನವರು ಹೇಳಿದ ಹಾಗೆ ಕೆಲವರು ಇನ್ನೂ ಸೇರಿಲ್ಲ.

ಇನ್ನೊಂದು ಆ ಸೊನ್ನೆ ಟಿಕೆಟ್ಟಿನ ಬಗ್ಗೆ. ಕಂಡಕ್ಟರ್ ನೋಡುವುದು ಕಾರ್ಡಿನ ವಿಳಾಸ ಮಾತ್ರ. ಮನೆಮಾತು ಯಾವುದು ಅಂತ ಕೇಳುವುದಿಲ್ಲ. ಕೊಂಕಣಿಯ ಹೆಂಗಸು, ಲಂಬಾಣಿಯ ಹೆಂಗಸು, ಉರ್ದುವಿನವಳು, ನಮ್ಮಮ್ಮ, ಎಲ್ಲರೂ ಒಂದೇ. ಕನ್ನಡಿಗರು ಯಾರು ಅಂತ ದೊಡ್ಡ ದೊಡ್ಡ ಸಭೆಗಳಲ್ಲಿ ಜಗಳ ಆಡುತ್ತಾರಲ್ಲ, ಇಲ್ಲಿ ಅದನ್ನು ಒಂದು ನಿಮಿಷದಲ್ಲಿ ಮುಗಿಸಿದ್ದಾರೆ. ಇಲ್ಲಿ ಇರುವವರು ಇಲ್ಲಿಯವರು.

ಕೇಂದ್ರ, ರಾಜ್ಯದ ನಡುವಿನ ತೆರಿಗೆ ಹಂಚಿಕೆಯ ವಿಷಯ ಯಾರೂ ಎತ್ತಲಿಲ್ಲ. ಕೇಂದ್ರವು ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ನಮ್ಮ ಪಾಲು 14ನೇ ಹಣಕಾಸು ಆಯೋಗದಲ್ಲಿ 4.71 ಪರ್ಸೆಂಟ್ ಇದ್ದದ್ದು 15ನೆಯದರಲ್ಲಿ 3.65ಕ್ಕೆ ಇಳಿಯಿತು. 2024ರ ಫೆಬ್ರವರಿಯಲ್ಲಿ ನಮ್ಮ ಮುಖ್ಯಮಂತ್ರಿ, ಮಂತ್ರಿಗಳು ದೆಹಲಿಗೆ ಹೋಗಿ 'ನಮ್ಮ ತೆರಿಗೆ ನಮ್ಮ ಹಕ್ಕು' ಅಂತ ಕೂತರು. ಅದರಲ್ಲಿ ರಾಜಕೀಯ ಎಷ್ಟೇ ಇರಲಿ, ಆ 'ನಮ್ಮ' ಅನ್ನುವ ಶಬ್ದಕ್ಕೆ ಹಳ್ಳಿಯಲ್ಲಿ ಕಿವಿ ಸಿಕ್ಕಿದ್ದು ಬಸ್ಸು, ಅಕ್ಕಿ ಮನೆಗೆ ಬಂದಿದ್ದರಿಂದ. ಇಲ್ಲದಿದ್ದರೆ ಹಣಕಾಸು ಆಯೋಗದ ಸುದ್ದಿ ನಮ್ಮಮ್ಮನಿಗೆ ಯಾಕೆ ಬೇಕು? ಆದರೆ ಬೆಂಗಳೂರು ದೆಹಲಿಗೆ ಹೇಳುವ ಅದೇ ಮಾತನ್ನು ತುಮರಿ ಬೆಂಗಳೂರಿಗೆ ಹೇಳಿದರೆ ಕಿವಿ ಮುಚ್ಚಿಕೊಳ್ಳುವ ಹಾಗಿಲ್ಲ.

ನಾನು ಕೇಳಿದ ಪ್ರಶ್ನೆಯೇ ಸರಿ ಇರಲಿಲ್ಲವೇನೋ. ಯಾವುದು ಮೊದಲು ಅಂತ ಕೇಳಿದೆ. ಕೊಳಗ ಅವರ ಅಜ್ಜನಿಗೆ ಎರಡೂ ಒಟ್ಟಿಗೇ ಬಂದವು.

ದೂರದ ಮಳೆ (ಗ್ಲಾಸ್ಗೋ)

ಕಂಬಳಿಕೊಪ್ಪೆಯವರೇ, ತಡವಾಯಿತು. ಹೀಗೆ ನಡೆಯುತ್ತದೆ: ಪ್ರಯಾಣಿಕರ ಹತ್ತಿರ ಒಂದು ಕಾರ್ಡು ಇರುತ್ತದೆ. ಬಸ್ ಹತ್ತುವಾಗ ಮಿಷನ್ನಿಗೆ ತೋರಿಸುತ್ತಾರೆ. ಎಷ್ಟು ಜನ, ಎಲ್ಲಿಂದ ಎಲ್ಲಿಗೆ ಅಂತ ಲೆಕ್ಕ ಸರ್ಕಾರಕ್ಕೆ ಹೋಗುತ್ತದೆ. ಸರ್ಕಾರ ಕಂಪನಿಗೆ ದುಡ್ಡು ಕೊಡುತ್ತದೆ. ಪೂರ್ತಿ ದರ ಅಲ್ಲ, ಅದರ ಒಂದು ಪಾಲು. ಪುಕ್ಕಟೆ ಅಂತಲೇ ಹತ್ತುವವರು ಜಾಸ್ತಿಯಾಗುತ್ತಾರಲ್ಲ, ಅದನ್ನೂ ಲೆಕ್ಕ ಹಿಡಿಯುತ್ತಾರೆ.

ಕಂಬಳಿಕೊಪ್ಪೆ (ಹೊಸನಗರ)

ನಮ್ಮಲ್ಲೂ ಖಾಸಗಿ ಬಸ್ಸಿನ ಮಾಲೀಕರು 2023ರಲ್ಲಿ ಇದನ್ನೇ ಕೇಳಿದ್ದರು, ನಮ್ಮ ಬಸ್ಸಿಗೂ ಶಕ್ತಿ ಕೊಡಿ ಅಂತ. ಅದು ಅಲ್ಲೇ ನಿಂತಿತು. ನೀವು ಬರೆದಿದ್ದನ್ನು ಒಂದು ಪುಟದಲ್ಲಿ ಸರಿಯಾಗಿ ಬರೆದು ಕೊಡುತ್ತೀರಾ? ಮುಂದಿನ ಗ್ರಾಮಸಭೆಯಲ್ಲಿ ಓದುತ್ತೇನೆ. ಅಡಿಯಲ್ಲಿ ಊರಿನ ಹೆಂಗಸರೆಲ್ಲ ಸಹಿ ಹಾಕುತ್ತಾರೆ, ಈಗಾಗಲೇ ಹೆಂಡತಿ ಮಾತಾಡಿ ಆಗಿದೆ.

ದೂರದ ಮಳೆ (ಗ್ಲಾಸ್ಗೋ)

ಭಾನುವಾರ ಬರೆದು ಹಾಕುತ್ತೇನೆ. ಆದರೆ ಇಲ್ಲಿಯೂ ಲಾಭ ಇಲ್ಲದ ರೂಟನ್ನು ಕಂಪನಿಯವರು ಬಿಟ್ಟು ಹೋಗುತ್ತಾರೆ. ಕಾರ್ಡು ಕೈಯಲ್ಲಿದ್ದೂ ಬಸ್ ಇಲ್ಲದ ಹಳ್ಳಿಗಳು ಇಲ್ಲಿವೆ. ಅದನ್ನೂ ಬರೆಯಬೇಕಲ್ವಾ?

ಕಂಬಳಿಕೊಪ್ಪೆ (ಹೊಸನಗರ)

ಬರೆಯಿರಿ. ನಮ್ಮಲ್ಲಿ ಸಂಜೆ ಆರೂವರೆಯದ್ದೇ ಕೊನೆಯ ಬಸ್ಸು. ಮೊದಲು ಎಂಟು ಗಂಟೆಯದ್ದೊಂದು ಇತ್ತು. ಅದನ್ನು ವಾಪಸ್ ಕೇಳುವುದನ್ನೂ ಅದೇ ಕಾಗದದಲ್ಲಿ ಸೇರಿಸುತ್ತೇನೆ.